ಹೆಸರು ಕೆತ್ತಿದ ಫರ್ಸಿಯ ಮೇಲೆ ಒಂದು ಆನೆ

2022ರ ಚಳಿಗಾಲದಲ್ಲಿ ನಾನು ಸೇಡಂನಲ್ಲಿ ಪಶುವೈದ್ಯಾಧಿಕಾರಿಯಾಗಿದ್ದೆ. ಚಿಂಚೋಳಿ ಕಡೆಯ ಪ್ರಭಾರವೂ ನನ್ನ ಕೊರಳಿಗೇ ಬಿದ್ದಿತ್ತು. ನಿವೃತ್ತಿ ಹತ್ತಿರದಲ್ಲಿತ್ತು. ಎಮ್ಮೆಯ ಗರ್ಭಕೋಶ, ಎತ್ತಿನ ಗೊರಸು, ಕುರಿಯ ಜಂತುಹುಳು, ಇಷ್ಟರಲ್ಲೇ ನನ್ನ ಸೇವೆ ಮುಗಿಯುತ್ತದೆ ಎಂದುಕೊಂಡಿದ್ದೆ. ನಮ್ಮ ಕಲಬುರಗಿ ಸೀಮೆಯಲ್ಲಿ ಆನೆ ಎಂದರೆ ಅಂಗನವಾಡಿ ಗೋಡೆಯ ಮೇಲಿನ ಚಿತ್ರ, ಅಷ್ಟೇ. ಆದರೆ ಇಡೀ ವೃತ್ತಿಯಲ್ಲಿ ನನ್ನ ತಲೆ ಅತಿ ಹೆಚ್ಚು ಕೆಡಿಸಿದ ರೋಗಿ ಒಂದು ಆನೆಯೇ. ಆನೆ ಕೆಡಿಸಿತು ಎಂದರೆ ತಪ್ಪಾದೀತು. ಅದನ್ನು ಪ್ರೀತಿಸುತ್ತಿದ್ದವರು ಕೆಡಿಸಿದರು.

ಅವರಲ್ಲಿ ಮೊದಲನೆಯವರು ಚಿತ್ತಾಪುರದ ಬಸವಂತರಾಯರು. ಕಲ್ಲಿನ ವ್ಯಾಪಾರಿ, ದೊಡ್ಡ ಕೈಯ ಮನುಷ್ಯ. ತೆಲಂಗಾಣದ ಗಡಿಯಾಚೆ ಮದುವೆ ಮೆರವಣಿಗೆಗಳಲ್ಲಿ ನಡೆದು ನಡೆದು ಮುದುಕಿಯಾದ ರಾಜಮ್ಮ ಎಂಬ ಹೆಣ್ಣಾನೆಯನ್ನು ಸಾಕಲಾರೆ ಎಂದು ಅದರ ಧಣಿ ಕೈಚೆಲ್ಲಿದಾಗ, ಇವರು ನಾಲ್ವರು ಗೆಳೆಯರನ್ನು ಕೂಡಿಸಿ ಒಂದು ಟ್ರಸ್ಟ್ ಮಾಡಿದರು. ಬೇಕಾದ ಅನುಮತಿಗಳಿಗೆಲ್ಲ ಓಡಾಡಿದರು. ಚಂದಾಪುರ ದಾಟಿ ಕುಂಚಾವರಂ ಕಡೆಗೆ ಹೋಗುವ ರಸ್ತೆಯ ಪಕ್ಕದ ತಮ್ಮ ಹೊಲದಲ್ಲಿ ಅದಕ್ಕೆ ಜಾಗ ಮಾಡಿಕೊಟ್ಟರು. ಇದ್ದದ್ದು ಒಂದೇ ಆನೆಯಾದರೂ ಬೋರ್ಡಿನ ಮೇಲೆ ‘ಆನೆಧಾಮ’ ಎಂದು ಬರೆಸಿದರು. ಮಾವುತ ಮಸ್ತಾನ್ ಆನೆಯ ಜೊತೆಗೇ ಬಂದವನು. ಆನೆಯೊಡನೆ ತೆಲುಗಿನಲ್ಲಿ, ನಮ್ಮೊಡನೆ ಉರ್ದು ಬೆರೆತ ಕನ್ನಡದಲ್ಲಿ ಮಾತಾಡುತ್ತಿದ್ದ.

ಆನೆಯ ಮೇವಿನ ಖರ್ಚು ಹೊರಬೇಕಲ್ಲ, ಅದಕ್ಕಾಗಿ ಪ್ರತಿ ರವಿವಾರ ಒಂದು ದಿನದ ಪ್ರವಾಸ ಶುರುಮಾಡಿದರು. ಶಹಾಬಾದಿನಲ್ಲಿ ಬೆಳಿಗ್ಗೆ ರೈಲು ಹತ್ತುವುದು, ವಾಡಿ, ಚಿತ್ತಾಪುರ ಹಾದು ಸೇಡಂನಲ್ಲಿ ಇಳಿಯುವುದು, ಅಲ್ಲಿಂದ ಟ್ರಸ್ಟಿನ ಬಸ್ಸಿನಲ್ಲಿ ಚಿಂಚೋಳಿಯತ್ತ ಹೋಗಿ ಆನೆ ನೋಡುವುದು, ಚಂದಾಪುರದಲ್ಲಿ ಊಟ ಮಾಡಿ ಸಂಜೆಗೆ ವಾಪಸು. ರಮಣೀಯ ರೈಲುಯಾನ ಎಂದು ಬಸವಂತರಾಯರು ಎಲ್ಲರಿಗೂ ಹೇಳುತ್ತಿದ್ದರು. ನಾನು ಶಹಾಬಾದಿನವಳು, ಅದೇ ದಾರಿಯಲ್ಲಿ ದಿನಾ ನೌಕರಿಗೆ ಹೋಗುತ್ತಿದ್ದವಳು. ನನಗೆ ಆ ಯಾನದಲ್ಲಿ ಕಂಡದ್ದು ವಾಡಿಯ ಹೊರಗೆ ಸಿಮೆಂಟಿನ ಗೂಡ್ಸ್ ಗಾಡಿಗಳಿಗೆ ದಾರಿ ಬಿಟ್ಟುಕೊಟ್ಟು ಸುಮ್ಮನೆ ನಿಲ್ಲುವುದು ಮಾತ್ರ. ಆದರೂ ಕಾಗಿಣಾ ಸೇತುವೆ, ಕಲ್ಲು ತೆಗೆದ ಗಣಿಗಳಲ್ಲಿ ನಿಂತ ಹಸಿರು ನೀರು, ಎರಡೂ ಕಡೆ ತೊಗರಿ ಹೊಲ ಇವೆಲ್ಲ ನೋಡುವಂಥವೇ ಎಂದು ಒಪ್ಪಿಕೊಳ್ಳುತ್ತೇನೆ.

ರಾಜಮ್ಮ ಕುಂಟುತ್ತಿದ್ದಾಳೆ ಎಂದು ನನ್ನನ್ನು ಮೊದಲ ಸಲ ಕರೆಸಿದಾಗ ಬಸವಂತರಾಯರು ಆನೆಯ ಹತ್ತಿರ ಬಿಡಲೇ ಇಲ್ಲ.

“ಬರ್ರಿ ಡಾಕ್ಟರಮ್ಮ, ಮೊದಲ ನೆಲ ನೋಡ್ರಿ. ಇಂಥಾ ಪಾಲಿಶ್ ಅರಮನ್ಯಾಗೂ ಸಿಗಂಗಿಲ್ಲ!”

ದೊಡ್ಡ ತಗಡಿನ ಮಾಡು, ಅದರ ಕೆಳಗೆ ಗೋಡೆಯಿಂದ ಗೋಡೆಗೆ ಫರ್ಸಿ. ಶಹಾಬಾದಿ ಕಲ್ಲಿನ ಚಪ್ಪಡಿಗೆ ನಾವು ಫರ್ಸಿ ಎನ್ನುತ್ತೇವೆ. ನಮ್ಮ ಕಡೆ ಮನೆಯ ನೆಲ, ಅಡುಗೆಕಟ್ಟೆ, ಮಾಳಿಗೆ, ಬಚ್ಚಲು ಎಲ್ಲಕ್ಕೂ ಅದೇ. ಗುಡಿಗೋ ಮಠಕ್ಕೋ ಸೇವೆ ಮಾಡಬೇಕೆಂದರೆ ತೀರಿಕೊಂಡ ಹಿರಿಯರ ಹೆಸರು ಕೆತ್ತಿಸಿ ಒಂದು ಫರ್ಸಿ ಕೊಡುವುದು ವಾಡಿಕೆ. ಬಂದ ಭಕ್ತರ ಪಾದಧೂಳಿ ಆ ಹೆಸರಿಗೆ ತಾಗಲಿ ಎಂಬ ಭಾವನೆ. ಆನೆಯ ಪಾದ ಬಿದ್ದರೆ ಇನ್ನೂ ದೊಡ್ಡದಲ್ಲವೇ? ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತಿನ ಮನೆಮನೆಯಿಂದ ಕಲ್ಲು ಬಂದಿದ್ದವು. ಹೆಸರು ಎದ್ದು ಕಾಣಲೆಂದು ಕನ್ನಡಿಯ ಹಾಗೆ ಪಾಲಿಶ್ ಮಾಡಿಸಿದ್ದರು. ಮಾಡಿನ ಹೊರಗಿನ ಅಂಗಳಕ್ಕೂ ಹಾಸಿದ್ದರು. ಆ ಪ್ರಾಣಿಗೆ ಕಾಲಿಡಲು ಒಂದು ಹಿಡಿ ಮಣ್ಣು ಬಿಟ್ಟಿರಲಿಲ್ಲ.

“ಆನಿ ಪಾದ ನಮ್ಮಪ್ಪನ ಹೆಸರಿನ ಮ್ಯಾಲ ಬೀಳ್ತದ. ಇದಕ್ಕಿಂತ ದೊಡ್ಡ ಪುಣ್ಯ ಯಾವದದ ಹೇಳ್ರಿ?” ಎಂದರು ಬಸವಂತರಾಯರು. ಬಾಗಿಲಲ್ಲೇ ಇದ್ದ ಕಲ್ಲು ಅವರ ತಂದೆಯದು.

ರಾಜಮ್ಮನ ಮುಂಗಾಲಿನ ಉಗುರಿನ ಬುಡದಲ್ಲಿ ಸೀಳು ಬಿಟ್ಟು ಕೀವು ಕೂತಿತ್ತು. ಅಂಗಾಲು ನೀರಲ್ಲಿ ನೆನೆದ ಚರ್ಮದಂತೆ ಮೆತ್ತಗಾಗಿತ್ತು. ಆನೆ ನನಗೆ ಹೊಸದು. ಹಾಗಾಗಿ ದಕ್ಷಿಣದ ಆನೆ ಶಿಬಿರಗಳಲ್ಲಿ ಬಹಳ ವರ್ಷ ಕೆಲಸ ಮಾಡಿದ್ದ ನನ್ನ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರು ಕಾಲಿನ ವಿಷಯ ಕೇಳಿಸಿಕೊಳ್ಳಲೇ ಇಲ್ಲ.

“ಕಾಲು ಆಮೇಲೆ ಮೇಡಂ. ಆಕೆ ಮಲಗುತ್ತಾಳಾ? ಅದನ್ನು ಮೊದಲು ಹೇಳಿ” ಎಂದರು.

ಮಸ್ತಾನನನ್ನು ಕೇಳಿದೆ. “ಮಲಗ್ತಾಳ ಮೇಡಂ. ನಿಂತೇ ಮಲಗ್ತಾಳ” ಎಂದ. ಅದು ಹೆಮ್ಮೆಯ ವಿಷಯ ಎಂಬಂತೆ ಹೇಳಿದ.

ಆನೆ ನಿಂತು ತೂಕಡಿಸಬಲ್ಲದು, ಅದು ನಿಜ. ಆದರೆ ಗಾಢ ನಿದ್ದೆ ಬೇಕಾದರೆ ಅದು ಪಕ್ಕಕ್ಕೆ ಮಲಗಲೇಬೇಕು. ಮಲಗಿ ಏಳಲು ಮುಂಗಾಲಿಗೆ ಹಿಡಿತ ಬೇಕು. ಒಮ್ಮೆ ಜಾರಿದರೆ ಸಾಕು, ಅಷ್ಟು ಭಾರದ ಜೀವ ಮತ್ತೆ ಮಲಗಲು ಹೆದರುತ್ತದೆ. ಮಲಗಿ ಎದ್ದ ಆನೆಯ ಪಕ್ಕೆಗೆ ಬೆಳಿಗ್ಗೆ ಮಣ್ಣೋ ಲದ್ದಿಯೋ ಮೆತ್ತಿರುತ್ತದೆ ಎಂದು ಫೋನಿನಲ್ಲಿ ಅವರು ಗುರುತು ಹೇಳಿಕೊಟ್ಟರು. ರಾಜಮ್ಮನ ಎರಡೂ ಪಕ್ಕೆ ತೊಳೆದಿಟ್ಟ ಪಾತ್ರೆಯಂತಿದ್ದವು. ಅವಳು ಇಲ್ಲಿಗೆ ಬಂದಾಗಿನಿಂದ ಒಮ್ಮೆಯೂ ಮಲಗಿರಲಿಲ್ಲ. ಗಟ್ಟಿ ಕಲ್ಲಿನ ಮೇಲೆ, ತನ್ನದೇ ಮೂತ್ರದ ತೇವದಲ್ಲಿ ಹಗಲೂ ರಾತ್ರಿ ನಿಂತು ಕಾಲು ಕೊಳೆಯುತ್ತಿತ್ತು. ಸೋಂಕು ಎಲುಬಿಗೆ ಇಳಿದರೆ ಮುಂದೆ ಮಾಡುವುದು ಏನೂ ಉಳಿಯುವುದಿಲ್ಲ, ಕುಸಿದುಬಿದ್ದ ಮುದಿ ಆನೆಯನ್ನು ಎಬ್ಬಿಸುವ ಔಷಧಿ ಇಲ್ಲ.

“ಫರ್ಸಿ ಕೀಳಿಸ್ರಿ. ಮಣ್ಣು ಹಾಕಸ್ರಿ” ಎಂದು ಬಸವಂತರಾಯರಿಗೆ ನೇರವಾಗಿ ಹೇಳಿದೆ.

ಅವರು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. “ಆನೀಗಿ ಮಣ್ಣಾಗ ನಿಂದ್ರಿಸಿದ್ರ ಮಂದಿ ನನ್ನ ಮಕಕ್ಕ ಉಗುಳ್ತಾರ್ರಿ. ಬ್ಯಾರೆ ಏನರ ಇಲಾಜ್ ಹೇಳ್ರಿ.”

ಬೇರೆ ಇಲಾಜು ಅವರೇ ಕಂಡುಹಿಡಿದುಕೊಂಡರು. ತೇವ ಕೆಟ್ಟದ್ದು ಎಂದೆನಲ್ಲ, ಸ್ವಚ್ಛ ಇಲ್ಲ ಎಂದರ್ಥ ಮಾಡಿಕೊಂಡು ದಿನಕ್ಕೆರಡು ಬಾರಿ ನೀರು ಹೊಡೆದು ತೊಳೆಸಲು ಶುರುಮಾಡಿದರು. ಮುಂದಿನ ಸಲ ಹೋದಾಗ ಫಿನೈಲ್ ವಾಸನೆ ರಸ್ತೆಯವರೆಗೂ ಬರುತ್ತಿತ್ತು. ಮಣ್ಣನ್ನು ಮೇಲೆ ಸುರಿಯೋಣವೇ ಎಂದರೆ ಹೆಸರು ಮುಚ್ಚಿಹೋಗುತ್ತವೆ ಎಂದರು. ಆಚೆ ಹೊಲದ ಬೇವಿನ ಮರದ ಕೆಳಗೆ ಕಟ್ಟೋಣ ಎಂದರೆ, ರವಿವಾರ ಬಂದವರು ತಮ್ಮ ಕಲ್ಲಿನ ಮೇಲೆ ಆನೆ ನಿಂತದ್ದನ್ನೇ ಫೋಟೋ ಹಿಡಿಯಲು ಬರುತ್ತಾರೆ ಎಂದರು. ನಾನು ಇಲಾಖೆಗೆ ವರದಿ ಬರೆದೆ, ತಜ್ಞರು ಬಂದು ನೋಡುತ್ತಾರೆ ಎಂಬ ಉತ್ತರ ಬಂತು. ಅಷ್ಟರವರೆಗೆ ಕಾಲಿಗೆ ಬಿಸಿನೀರಿನ ಶಾಖ, ಕೀವು ತೆಗೆಯುವುದು, ಮುಲಾಮು. ನಾನು ಒರೆಸಿ ಒಣಗಿಸಿದ ಕಾಲನ್ನು ಅವರು ಅರ್ಧ ಗಂಟೆಯಲ್ಲಿ ಮತ್ತೆ ತೊಳೆದ ನೆಲದ ಮೇಲೆ ನಿಲ್ಲಿಸುತ್ತಿದ್ದರು. ಸಿಟ್ಟು ನೆತ್ತಿಗೇರಿ ಒಂದು ದಿನ ಮುಲಾಮಿನ ಡಬ್ಬಿಯನ್ನೇ ನೆಲಕ್ಕೆ ಅಪ್ಪಳಿಸಿದೆ. ಮಸ್ತಾನ್ ಓಡಿಬಂದು ಕಲ್ಲಿಗೆ ಪೆಟ್ಟಾಯಿತೇ ಎಂದು ನೋಡಿದ.

ಬಸವಂತರಾಯರ ಕೂಡ ಮಾತಾಡಿ ಪ್ರಯೋಜನವಿಲ್ಲ ಎಂದು ಖಾತ್ರಿಯಾದ ಮೇಲೆ, ಕಲ್ಲು ಕೊಟ್ಟವರ ಕೂಡವೇ ಮಾತಾಡಬೇಕೆಂದು ಒಂದು ರವಿವಾರ ನಾನೂ ಪ್ರವಾಸದ ಟಿಕೆಟ್ ತೆಗೆದುಕೊಂಡು ಶಹಾಬಾದಿನಲ್ಲಿ ರೈಲು ಹತ್ತಿದೆ. ಬೋಗಿಯಲ್ಲಿ ಹಬ್ಬದ ವಾತಾವರಣ. ರೊಟ್ಟಿ ಗಂಟು ಬಿಚ್ಚಿ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಹಂಚುತ್ತಿದ್ದರು, ಹಸಿ ಕಡಲೆ ಸುಲಿದು ಸಿಪ್ಪೆ ಕಿಟಕಿಯಿಂದ ಎಸೆಯುತ್ತಿದ್ದರು. ಕಾಗಿಣಾ ದಾಟುವಾಗ ಹೆಂಗಸರು ಹೊಳೆಗೆ ಕೈಮುಗಿದರು. ವಾಡಿಯ ಹತ್ತಿರ ಗಾಡಿ ರೂಢಿಯಂತೆ ನಿಂತಿತು. ಮಾತಿಗೆ ಇದೇ ಹೊತ್ತು ಎಂದುಕೊಂಡು ಎದ್ದು ನಿಂತೆ.

“ನಿಮ್ಮ ಕಲ್ಲು ಛಲೋನೇ ಅವ. ಆದರ ಆ ಆನಿ ಅದರ ಮ್ಯಾಲ ಮಲಗಲಾರದು. ಕಾಲು ಕೊಳೀಲಿಕತ್ತದ. ನೀವು ಹೂಂ ಅಂದ್ರ ಕಲ್ಲು ತಗಸೋಣು” ಎಂದೆ.

ಶಹಾಬಾದಿನ ಗಣಿಯಲ್ಲಿ ಕೆಲಸ ಮಾಡುವ ಗಟ್ಟಿಮುಟ್ಟು ಮನುಷ್ಯನೊಬ್ಬ ನನಗಿಂತ ಗಟ್ಟಿ ದನಿಯಲ್ಲಿ ಕೇಳಿದ: “ನಮ್ಮಪ್ಪನ ಹೆಸರ ಕಿತ್ತಿ ಒಗೀರಿ ಅಂತೀರೇನು? ನಿಮ್ಮಪ್ಪನ ಕಲ್ಲಾಗಿದ್ರ ಹೀಂಗ ಅಂತಿದ್ರೇನು?”

ಒಬ್ಬೊಬ್ಬರಾಗಿ ಎಲ್ಲರೂ ಏರಿಬಂದರು. ಸರ್ಕಾರಿ ಡಾಕ್ಟರಿಗೆ ಔಷಧಿ ಕೊಡಲು ಬರದೆ ತಪ್ಪನ್ನು ಕಲ್ಲಿನ ಮೇಲೆ ಹಾಕುತ್ತಿದ್ದಾಳೆ ಎಂದೂ ಯಾರೋ ಅಂದರು. ಚಿತ್ತಾಪುರದಲ್ಲಿ ದಂಡೋತಿಯ ಕಾಶಮ್ಮ ಎಂಬಾಕೆ ಹತ್ತಿ ನನ್ನ ಎದುರೇ ಕುಳಿತಳು. ಹೊಳೆದಂಡೆಯ ಮನೆತನ, ಕೂಲಿ ಮಾಡುವ ಹೆಂಗಸು. ಜಗಳವನ್ನೆಲ್ಲ ಕೇಳಿಸಿಕೊಂಡು ಕೊನೆಗೆ ನಿಧಾನವಾಗಿ ಹೇಳಿದಳು.

“ನಮ್ಮ ಮನಿಯವರು ಜಿಂದಗಿ ಪೂರಾ ಮಂದಿ ಮನಿಗಿ ಫರ್ಸಿ ಕಡದ್ರು ಡಾಕ್ಟರಮ್ಮ. ಅವರ ಹೆಸರ ಎಲ್ಲೂ ಇಲ್ಲ. ಅವರು ಹೋದಮ್ಯಾಲ ಕೂಡ ಕೆಲಸ ಮಾಡವರು ಒಂದ ಕಲ್ಲ ಕೆತ್ತಿ ಕೊಟ್ರು, ಅದೊಂದೇ ಅದ. ಅದನ್ನೂ ತಗೀಬೇಕೇನು?”

ಉಳಿದವರಿಗೆಲ್ಲ ಎದುರುತ್ತರ ಕೊಟ್ಟಿದ್ದ ನಾನು ಸೇಡಂ ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತ ಕುಳಿತೆ.

ಆನೆಧಾಮದಲ್ಲಿ ನೆಲ ಆಗ ತಾನೇ ತೊಳೆದು ಫಳಫಳ ಹೊಳೆಯುತ್ತಿತ್ತು. ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಬಂದರು. ಸ್ವಾಗತಿಸಲು ಮುಂದೆ ಬಂದ ಬಸವಂತರಾಯರು ಕೈಮುಗಿದ ಭಂಗಿಯಲ್ಲೇ ಜಾರಿ ತಮ್ಮ ತಂದೆಯ ಹೆಸರಿನ ಮೇಲೆ ಧೊಪ್ಪೆಂದು ಕೂತರು. ಸತ್ಯ ಹೇಳುತ್ತೇನೆ, ನನಗೆ ಒಳಗೊಳಗೇ ಸಂತೋಷವಾಯಿತು. ಈಗಲಾದರೂ ತಿಳಿಯಿತಲ್ಲ ಎಂದು ಕೈ ಕೊಟ್ಟು ಎಬ್ಬಿಸಿದೆ. ಅವರು ಸೊಂಟ ಹಿಡಿದುಕೊಂಡು ಮಸ್ತಾನನ ಕಡೆ ತಿರುಗಿ ಗದರಿದರು.

“ಏ ಮಸ್ತಾನ್, ಜರಾ ರಬ್ಬರ್ ಮ್ಯಾಟ್ ಹಾಸು! ಮಂದಿ ಜಾರ್ತಾರ!”

ಮ್ಯಾಟ್ ಬಂತು. ಬಾಗಿಲಿನಿಂದ ಜನ ನಿಲ್ಲುವ ಜಾಗದವರೆಗೆ ನೀಟಾಗಿ ಹಾಸಿದರು. ಆನೆ ಮಾತ್ರ ಕಲ್ಲಿನ ಮೇಲೆಯೇ ಉಳಿಯಿತು. ಇನ್ನು ಇಲ್ಲಿ ನನ್ನ ಕೈಲಿ ಆಗುವುದು ಏನೂ ಇಲ್ಲ ಎಂದು ನಾನು ಚೀಲ ಹೆಗಲಿಗೇರಿಸಿದೆ.

ಜನ ಫೋಟೋ ಹಿಡಿಯುತ್ತಿದ್ದರು. ಕಾಶಮ್ಮನಿಗೆ ಓದಲು ಬರುತ್ತಿರಲಿಲ್ಲ, ಆದರೆ ಗಂಡನ ಕಲ್ಲು ಮಾಡಿನ ಕಂಬದ ಪಕ್ಕದ್ದು ಎಂದು ಗೊತ್ತಿತ್ತು. ಅದನ್ನು ಮುಟ್ಟಲು ಬಂದವಳು ಅಲ್ಲೇ ನಿಂತುಬಿಟ್ಟಳು. ರಾಜಮ್ಮ ಅದೇ ಕಂಬಕ್ಕೆ ಹಣೆಯೊತ್ತಿ ನಿಂತಿದ್ದಳು. ಕಣ್ಣು ಮುಚ್ಚುತ್ತಿದ್ದವು, ಮೊಣಕಾಲು ಮೆಲ್ಲಗೆ ಸಡಿಲವಾಗುತ್ತಿತ್ತು. ಅಷ್ಟರಲ್ಲಿ ಪಾದ ಒಂದಿಷ್ಟು ಜಾರಿ, ಬೆಚ್ಚಿ ಎಚ್ಚರಾಗಿ ಮತ್ತೆ ನೆಟ್ಟಗೆ ನಿಲ್ಲುತ್ತಿದ್ದಳು. ಮತ್ತೆ ಅದೇ, ಮತ್ತೆ ಅದೇ.

“ಇಕಿ ಯಾಕ ಹೀಂಗ ಮಾಡ್ಲಿಕತ್ತಾಳ?” ಎಂದು ಕಾಶಮ್ಮ ನನ್ನನ್ನು ಕೇಳಿದಳು.

“ನಿದ್ದಿ ಬರ್ಲಿಕತ್ತದ. ಮಲಗಲಿಕ್ಕ ಅಂಜ್ತಾಳ.”

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಅಂದಳು: “ನಮ್ಮ ಮನಿಯವರು ಕಡೀ ವರ್ಷ ಹೀಂಗೇ ಇದ್ರು. ಎದಿಯಾಗ ಕಲ್ಲಿನ ಧೂಳ ಕುಂತಿತ್ತು. ಅಡ್ಡಾದ್ರ ಉಸರ ಸಿಗ್ತಿದ್ದಿಲ್ಲ. ಗ್ವಾಡಿಗಿ ಆತು ಕುಂತೇ ನಿದ್ದಿ. ಕಣ್ಣ ಹತ್ತಿತು ಅನ್ನೂದ್ರಾಗ ಧಡಕ್ಕನ ಏಳ್ತಿದ್ರು. ನಾ ಒಂದ ದಿನಾನೂ ಅವರಿಗಿ ಮಲಗಸಲಿಕ್ಕ ಆಗಲಿಲ್ಲ.”

ಸೆರಗಿನಿಂದ ಮುಖ ಒರೆಸಿಕೊಂಡು, ರೈಲಿನಲ್ಲಿ ನನ್ನ ಮೇಲೆ ಏರಿಬಂದಿದ್ದ ಆ ಗಣಿಯ ಮನುಷ್ಯನನ್ನು ಕರೆದಳು. “ತಮ್ಮಾ, ನನ್ನ ಕಲ್ಲ ತಗಿ.”

ಬಸವಂತರಾಯರು ಓಡಿಬಂದರು. “ಕಾಶಮ್ಮ, ಒಂದ ಕಲ್ಲ ತಗದ್ರ ನೆಲ ಪೂರಾ ಕೆಡ್ತದ!”

“ಅದು ನನ್ನ ಕಲ್ಲರಿ. ನಾ ಕೊಟ್ಟೀನಿ, ನಾ ವಾಪಸ್ ತಗೋತೀನಿ.”

ಗಣಿಯವನು ಒಮ್ಮೆ ಅವರನ್ನು, ಒಮ್ಮೆ ಅವಳನ್ನು ನೋಡಿದ. ಆಮೇಲೆ ಶೆಡ್ಡಿನಿಂದ ಕಲ್ಲು ಮೀಟುವ ಸಬ್ಬಲ್ ತಂದ. ಮಸ್ತಾನ್ ಆನೆಯನ್ನು ಪಕ್ಕಕ್ಕೆ ಕರೆದುಕೊಂಡ. ಕಲ್ಲಿನ ಕೆಲಸದವನ ಕೈ ಅದು, ‘ಭೀಮಶಾ’ ಎಂಬ ಹೆಸರಿನ ಒಂದು ಚೂರೂ ಒಡೆಯದಂತೆ ಇಡೀ ಫರ್ಸಿ ಎತ್ತಿ ಗೋಡೆಗೆ ಆನಿಸಿದ. ಕೆಳಗಿನ ಗಾರೆ ಕೆದರಿದಾಗ ಒಂದು ತುಂಡು ಮಣ್ಣು ಕಂಡಿತು.

ರಾಜಮ್ಮ ಕರೆಯದೆಯೇ ಬಂದಳು. ಸೊಂಡಿಲಿನ ತುದಿಯಿಂದ ಆ ಮಣ್ಣನ್ನು ಮೂಸಿದಳು, ಒಂದು ಹಿಡಿ ಎತ್ತಿ ಬೆನ್ನ ಮೇಲೆ ಎರಚಿಕೊಂಡಳು. ಆಮೇಲೆ ಕೀವಾದ ಕಾಲನ್ನು ಅಳೆದಿಟ್ಟಂತೆ ಆ ಕುಣಿಯೊಳಗೆ ಇಟ್ಟು ಉಸಿರು ಬಿಟ್ಟಳು. ಮಸ್ತಾನ್ “ರಾವೇ ರಾಜಮ್ಮ, ರಾ” ಎಂದು ಎಷ್ಟು ಕರೆದರೂ ಕಾಲು ತೆಗೆಯಲಿಲ್ಲ. ಅಷ್ಟು ದೊಡ್ಡ ನೆಲದಲ್ಲಿ ಅವಳಿಗೆ ಬೇಕಾದ ಜಾಗ ಅದೊಂದೇ ಎಂದು ಅಲ್ಲಿದ್ದ ಎಲ್ಲರಿಗೂ ಕಂಡಿತು. ನಾನು ವಾರಗಟ್ಟಲೆ ಗಂಟಲು ಹರಿದುಕೊಂಡು ಹೇಳಿದ್ದು ಇದನ್ನೇ.

ಗಣಿಯವನು ಸಬ್ಬಲ್ ಕೆಳಗಿಡಲಿಲ್ಲ. “ನಮ್ಮಪ್ಪಂದೂ ತಗೀತೀನಿ” ಎಂದು ತನ್ನಷ್ಟಕ್ಕೇ ಅಂದುಕೊಂಡು ಮುಂದಿನ ಕಲ್ಲಿಗೆ ಬಾಗಿದ.

ಆ ದಿನವೇ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೆಲವರು ಮುನಿಸಿಕೊಂಡು ಬಸ್ಸಿನಲ್ಲಿ ಹೋಗಿ ಕುಳಿತರು. ಊರಿಂದ ಊರಿಗೆ ಹೋಗಿ ಒಬ್ಬೊಬ್ಬರ ಮನೆಯಲ್ಲೂ ಚಹಾ ಕುಡಿದು, ಬೈಸಿಕೊಂಡು, ಹೂಂ ಅನ್ನಿಸಿಕೊಳ್ಳಬೇಕಾಯಿತು. ಹಾಗೆ ಹೋಗುವಾಗ ಕಾಶಮ್ಮನನ್ನು ಜೊತೆಗೆ ಕರೆದೊಯ್ದರೆ ಕೆಲಸ ಬೇಗ ಆಗುತ್ತಿತ್ತು. ಕುಂಚಾವರಂ ಕಡೆಯ ಕೆಂಪು ಮಣ್ಣು ತರಿಸಿ ಮಾಡಿನ ತುಂಬ ದಪ್ಪಗೆ ಹಾಕಿದೆವು. ಒಂದು ಬದಿಗೆ ಒರಗಿ ಮಲಗಲು, ಸುಲಭವಾಗಿ ಏಳಲು ದಿಬ್ಬ ಮಾಡಿದೆವು. ಬಾಗಿಲಿನ ಬಳಿಯ ಬಸವಂತರಾಯರ ತಂದೆಯ ಕಲ್ಲು ಮಾತ್ರ ಅಲ್ಲೇ ಉಳಿಯಿತು. ಅವರು ಒಪ್ಪಲಿಲ್ಲ, ನಾನೂ ಬಿಟ್ಟುಬಿಟ್ಟೆ. ರಾಜಮ್ಮ ಇವತ್ತಿಗೂ ಅದೊಂದನ್ನು ದಾಟಿಯೇ ಕಾಲಿಡುತ್ತಾಳೆ.

ಮಣ್ಣು ಹಾಕಿದರೂ ಅವಳು ತಕ್ಷಣ ಮಲಗಲಿಲ್ಲ. ನನ್ನ ಜೀವ ಕೈಯಲ್ಲಿತ್ತು. ಇಷ್ಟೆಲ್ಲ ಜನರ ಹಿರಿಯರನ್ನು ಎಬ್ಬಿಸಿ, ಆನೆಯೇ ಮಲಗದಿದ್ದರೆ ಮುಖ ಎಲ್ಲಿಡುವುದು? ಒಂದು ಬೆಳಿಗ್ಗೆ ರೈಲಿನಲ್ಲಿರುವಾಗ ಮಸ್ತಾನನ ಫೋನ್ ಬಂತು. ಅವನು ಕಿರುಚುತ್ತಿದ್ದ.

“ಮೇಡಂ, ಬಾಜೂ ಪೂರಾ ಲಾಲ್! ಡಾವೀ ಬಾಜೂ ಪೂರಾ ಲಾಲ್ ಆಗ್ಯಾದ!”

ಎಡ ಪಕ್ಕೆ ಕೆಂಪಾಗಿದೆ ಎಂದರೆ ಮಲಗಿದ್ದಳು ಎಂದರ್ಥ. ನಾನು ಅತ್ತುಬಿಟ್ಟೆ. ಎದುರು ಸೀಟಿನವರು ಯಾರೋ ತೀರಿಕೊಂಡಿರಬೇಕು ಎಂದುಕೊಂಡು ನೀರಿನ ಬಾಟಲಿ ಕೊಟ್ಟರು. ಕಾಲು ಮಾಯಲು ಬಹಳ ಕಾಲ ಹಿಡಿಯಿತು, ಪೂರ್ತಿ ನೆಟ್ಟಗಾಗಲೂ ಇಲ್ಲ. ಆದರೆ ಸೋಂಕು ಎಲುಬಿಗೆ ಇಳಿಯಲಿಲ್ಲ, ರಾಜಮ್ಮ ಉಳಿದಳು.

ದನವನ್ನು ಹೊಡೆಯುವವನ ಕೈಯಿಂದ ಬಿಡಿಸುವುದು ನನಗೆ ಎಂದೂ ಕಷ್ಟವಾಗಲಿಲ್ಲ, ಜನರೆಲ್ಲ ನನ್ನ ಕಡೆ ನಿಲ್ಲುತ್ತಿದ್ದರು. ಅತಿಯಾಗಿ ಪ್ರೀತಿಸುವವರ ಕೈಯಿಂದ ಬಿಡಿಸುವಾಗ ನನ್ನ ಕಡೆ ಯಾರೂ ಇರುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ. ನಮಗೆ ಅತ್ಯಂತ ಬೆಲೆಯುಳ್ಳದ್ದನ್ನು ಕೊಟ್ಟೆವು ಎಂದರೆ ಮುಗಿಯಲಿಲ್ಲ, ತಗೊಂಡವರಿಗೆ ಅದರ ಮೇಲೆ ನಿದ್ದೆ ಬರುತ್ತದೆಯೇ ಎಂದು ಕೇಳಬೇಕು. ನಿವೃತ್ತಿಯ ಬಳಿಕ ಯಾರಾದರೂ ತಮ್ಮ ದನ ನೋಡಲು ಕರೆದರೆ ನಾನು ಮೊದಲು ಅದು ಎಲ್ಲಿ ಮಲಗುತ್ತದೆ ಎಂದು ಕೇಳುತ್ತೇನೆ.

ಹೋದ ಚಳಿಗಾಲದಲ್ಲಿ ಅದೇ ರವಿವಾರದ ಪ್ರವಾಸಕ್ಕೆ ಮತ್ತೆ ಹೋದೆ. ಗಾಡಿ ವಾಡಿಯ ಹೊರಗೆ ಮತ್ತೆ ನಿಂತಿತು, ಅದಕ್ಕೆ ಮಾತ್ರ ಇಲಾಜಿಲ್ಲ. ಬಸವಂತರಾಯರು ವ್ಯಾಪಾರಿಯಲ್ಲವೇ, ಕಿತ್ತ ಫರ್ಸಿಗಳನ್ನೆಲ್ಲ ಹಾಸಿ ಬೇಲಿಯ ಹೊರಗೆ ಜನ ಕೂರುವ ಕಟ್ಟೆ ಮಾಡಿಸಿದ್ದರು. ಹೆಸರುಗಳು ಮೇಲ್ಮುಖವಾಗಿ ಹೊಳೆಯುತ್ತಿದ್ದವು. ಅಲ್ಲಿ ಹೋಗಿ ನೋಡಿದರೆ ಕಟ್ಟೆ ಹೆಚ್ಚುಕಡಿಮೆ ಖಾಲಿ. ತಮ್ಮ ಅಪ್ಪನ ಹೆಸರಿನ ಮೇಲೆ ಕೂರುವ ಧೈರ್ಯ ಯಾರಿಗಿದೆ? ಮಂದಿಯ ಅಪ್ಪನ ಮೇಲೆ ಕೂತರೆ ಜಗಳ. ಎಲ್ಲರೂ ಬಿಸಿಲಲ್ಲಿ ಕಾಲು ಬದಲಿಸುತ್ತ ನಿಂತಿದ್ದರು. ಬೇಲಿಯಾಚೆ ರಾಜಮ್ಮ ಕೆಂಪು ದಿಬ್ಬಕ್ಕೆ ಒರಗಿ ಗೊರಕೆ ಹೊಡೆಯುತ್ತಿದ್ದಳು.

“ಮಲಗಿದ ಆನಿ ತೋರಸಲಿಕ್ಕ ಇಷ್ಟ ದೂರ ಕರ್ಕೊಂಡ ಬಂದೀರೇನು? ಎಬ್ಬಸ್ರಿ!” ಎಂದು ಒಬ್ಬ ಮಸ್ತಾನನನ್ನು ಪೀಡಿಸುತ್ತಿದ್ದ.

ಕಟ್ಟೆಯ ಕೊನೆಯಲ್ಲಿ ಒಬ್ಬಳೇ ಒಬ್ಬಳು ಕಾಲು ಚಾಚಿ ಕೂತು ಕಡಲೆ ಸುಲಿಯುತ್ತಿದ್ದಳು. ಕಾಶಮ್ಮ. ಭೀಮಶಾನ ಕಲ್ಲಿನ ಮೇಲೆ. ನನ್ನನ್ನು ಕಂಡವಳೇ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

“ಬರ್ರಿ ಡಾಕ್ಟರಮ್ಮ, ಕುಂದ್ರಿ. ನಮ್ಮ ಮನಿಯವರು ಬ್ಯಾಡ ಅನ್ನಂಗಿಲ್ಲ” ಎಂದಳು. ಆಮೇಲೆ ಆ ಕೂಗುತ್ತಿದ್ದವನ ಕಡೆ ತಿರುಗಿ ಬೆರಳು ತುಟಿಗಿಟ್ಟಳು. “ಸುಮ್ಮನಿರೋ ಅಣ್ಣಾ. ಇಷ್ಟು ವರ್ಷಕ್ಕ ಮಲಗ್ಯಾಳ.”